ದಾಳಿಂಬೆಯ ಗಿಡ, ಸೂಜಿಯ ತೂತು

ಕನ್ನಡ ಪಂಡಿತನಿಗೂ ಮರ ಕೊರೆಯುವ ಹುಳುವಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಪುಸ್ತಕ ಕೊರೆಯುವ ಹುಳುವಿನ ಪರಿಚಯ ನಮ್ಮ ವೃತ್ತಿಯವರಿಗೆ ಸಾಕಷ್ಟು ಇದೆ. ಓಲೆಗರಿಯಲ್ಲಿ ಅದು ಮಾಡಿದ ತೂತಿನಿಂದ ಎಷ್ಟೋ ಪದ್ಯಗಳ ಅರ್ಧ ಪಾದ ನಮಗೆ ಸಿಕ್ಕದೆ ಹೋಗಿದೆ. ಈ ಹೊತ್ತು ನಾನು ಹೇಳಹೊರಟಿರುವುದು ಹಸಿಯ ಮರವನ್ನು ಕೊರೆಯುವ ಹುಳುವಿನ ಸಂಗತಿ, ಮತ್ತು ಅದರ ಜೊತೆಗೆ ಮರದೊಳಗೆ ಮನೆ ಮಾಡುವ ಬೂಷ್ಟಿನ ಸಂಗತಿ. ಬಲ್ಲವರು ಇದನ್ನು ಶಿಲೀಂಧ್ರವೆನ್ನುತ್ತಾರೆ. ಮಳೆಗಾಲದ ಅಣಬೆ, ಉಪ್ಪಿನಕಾಯಿಯ ಭರಣಿಯಲ್ಲಿ ಕಾಣುವ ಬಿಳಿಯ ಬೂಷ್ಟು, ಎಲ್ಲವೂ ಆ ಕುಲಕ್ಕೆ ಸೇರಿದವೇ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಹಿರಿಯೂರಿನ ಕಡೆ ನನ್ನ ಭಾಮೈದನ ದಾಳಿಂಬೆ ತೋಟದಲ್ಲಿ, ಒಂದು ತಪ್ಪು ತೀರ್ಪು ಕೊಟ್ಟ ಮೇಲೆ, ತಡವಾಗಿ ಕಲಿತದ್ದು.

ಹಿರಿಯೂರಿನಿಂದ ಹೊಸದುರ್ಗದ ದಿಕ್ಕಿಗೆ ಹೋಗುವಾಗ, ಮಾರಿಕಣಿವೆಯ ಆಸುಪಾಸಿನ ಹೊಲಗಳಲ್ಲಿ ದಾಳಿಂಬೆಯ ಸಾಲುಗಳು ಕಾಣುತ್ತವೆ. ನಾನು ಹುಡುಗನಾಗಿದ್ದಾಗ ಆ ಕಡೆ ಶೇಂಗಾ, ಜೋಳ, ರಾಗಿಗಳೇ ಹೆಚ್ಚು. ಹನಿ ನೀರಾವರಿಯ ಕೊಳವೆ ಬಂದ ಮೇಲೆ, ಕೊಳವೆ ಬಾವಿಯ ಅಲ್ಪ ನೀರಿನಲ್ಲಿಯೇ ಹಣ್ಣು ತೆಗೆಯಬಹುದೆಂದು ಜನ ಕಂಡುಕೊಂಡರು. ಮಳೆ ಕಡಮೆಯಾದ ನಮ್ಮ ಸೀಮೆಗೆ ಅದು ಒಗ್ಗಿತು. ನನ್ನ ಭಾಮೈದನೂ ಸಾಲ ಮಾಡಿ ಎರಡು ಎಕರೆಗೆ ಆರುನೂರು ಚಿಲ್ಲರೆ ಭಗವಾ ತಳಿಯ ಗಿಡಗಳನ್ನು ಇಡಿಸಿದ. ಎರಡು ಫಸಲು ಚೆನ್ನಾಗಿಯೇ ಬಂದವು. ಮೂರನೆಯ ಫಸಲು ಕಾಯಿಕಟ್ಟುವ ಹೊತ್ತಿಗೆ ಒಂದು ದಿನ ಫೋನು ಮಾಡಿ, “ಭಾವ, ಗಿಡ ನಿಂತಲ್ಲೇ ಸಾಯ್ತಾ ಇದಾವೆ” ಎಂದ.

ಶನಿವಾರದ ಬೆಳಗಿನ ಶಾಲೆ ಮುಗಿಸಿಕೊಂಡು ಹೊಳಲ್ಕೆರೆಯಿಂದ ಹೊರಟು, ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಸಂಜೆಯ ಹೊತ್ತಿಗೆ ತೋಟ ಸೇರಿದೆ. ಸೊರಗು ರೋಗವೆಂಬ ಹೆಸರು ಕೇಳಿದ್ದೆನೇ ಹೊರತು ಕಣ್ಣಿನಿಂದ ಕಂಡಿರಲಿಲ್ಲ. ಮೊದಲು ಒಂದು ಕೊಂಬೆಯ ಎಲೆ ಮಾತ್ರ ಹಳದಿಗೆ ತಿರುಗುತ್ತದೆ. ಉಳಿದ ಗಿಡ ಹಸುರಾಗಿಯೇ ಇರುತ್ತದೆ. ಆಮೇಲೆ ಪಕ್ಕದ ಕೊಂಬೆ. ಕೊನೆಗೆ ಇಡೀ ಗಿಡ ಒಣಗಿ, ಕಾಯಿಗಳು ಮಾತ್ರ ಉದುರದೆ ನೇತಾಡುತ್ತ ಉಳಿಯುತ್ತವೆ. ಆ ನೋಟ ಒಳ್ಳೆಯದಲ್ಲ. ನಾನು ಬಗ್ಗಿ ನೋಡಿದಾಗ ಕಾಂಡದ ಮೇಲೆ ಸೂಜಿಯಿಂದ ಚುಚ್ಚಿದಂಥ ತೂತುಗಳು ಕಂಡವು. ತೂತಿನ ಕೆಳಗೆ ರವೆಗಿಂತ ನುಣ್ಣಗಿನ ಮರದ ಹಿಟ್ಟು. “ನೋಡಪ್ಪಾ, ಕಾರಣ ಇಲ್ಲೇ ಇದೆ. ಹುಳು ಕೊರೆದಿದೆ. ಹುಳುವಿಗೆ ಔಷಧಿ ಹೊಡಿ” ಎಂದೆ. ಔಷಧಿ ಅಂಗಡಿಯವರೂ ಅದನ್ನೇ ಹೇಳಿದರಂತೆ. ಮೂರು ಸಲ ಹೊಡೆದದ್ದಾಯಿತು. ಅಷ್ಟರಲ್ಲಿ ನಲವತ್ತು ಗಿಡ ಹೋದವು, ಸಾಲುಸಾಲಾಗಿ, ಒಂದರ ಪಕ್ಕದಲ್ಲಿ ಒಂದು.

ಹುಳು ಇದ್ದದ್ದು ಸುಳ್ಳಲ್ಲ. ಆದರೆ ಅದು ಎಂಥ ಹುಳುವೆಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅದರ ಸಂಸಾರ ಬಹಳ ವಿಚಿತ್ರವಾದುದು. ತೊಗಟೆಯ ಅಡಿಯ ಸಿಹಿಯಾದ ಪದರವನ್ನು ತಿಂದು ಬದುಕುವ ದುಂಬಿಗಳು ಕೆಲವು. ಇವು ತೊಗಟೆ ದುಂಬಿಗಳು. ಇದೇ ಕುಲದ ಇನ್ನು ಕೆಲವು ತೊಗಟೆಯನ್ನು ದಾಟಿ ಮರದೊಳಕ್ಕೇ ಸುರಂಗ ತೋಡುತ್ತವೆ. ಆದರೆ ಮರವನ್ನು ತಿನ್ನುವುದಿಲ್ಲ. ಸುರಂಗದ ಗೋಡೆಗೆ ಬೂಷ್ಟಿನ ಬೀಜವನ್ನು ಹಚ್ಚಿ, ಅದು ಬೆಳೆದ ಮೇಲೆ ಅದನ್ನು ತಾವೂ ತಿಂದು ಮರಿಗಳಿಗೂ ತಿನ್ನಿಸುತ್ತವೆ. ಅಂದರೆ ಇವೂ ಬೇಸಾಯಗಾರರೇ. ದಾಳಿಂಬೆಯಲ್ಲಿ ಕಾಣುವುದು ಈ ಎರಡನೆಯ ಬಗೆ. ತಾಯಿ ಹುಳು ಎಳ್ಳಿಗಿಂತಲೂ ಚಿಕ್ಕದು, ಎರಡು ಮಿಲಿಮೀಟರಿನ ಆಸುಪಾಸು. ತವರು ಬಿಟ್ಟು ಹೊಸ ಮರಕ್ಕೆ ಹಾರುವಾಗ, ಮಗಳು ಬೀಜದ ಗಂಟು ಕಟ್ಟಿಕೊಂಡು ಹೋಗುವಂತೆ, ಬಾಯಿಯ ಪಕ್ಕದ ಸಣ್ಣ ಚೀಲದಲ್ಲಿ ಬೂಷ್ಟನ್ನು ತುಂಬಿಕೊಂಡು ಹೋಗುತ್ತದೆ. ಕೆಲವು ಜಾತಿಗಳಿಗೆ ಈ ಚೀಲ ಬೆನ್ನಿನ ಕಡೆ ಇರುತ್ತದೆ. ಗಂಡಿಗೆ ಹಾರಾಟವಿಲ್ಲ, ಹುಟ್ಟಿದ ಮನೆಯಲ್ಲಿಯೇ ಅದರ ಆಯುಸ್ಸು ಮುಗಿಯುತ್ತದೆ.

ಇದನ್ನು ಮೊದಲು ಗಮನಿಸಿದವನು ಆಸ್ಟ್ರಿಯ ದೇಶದ ಶ್ಮಿಡ್‌ಬರ್ಗರ್ ಎಂಬಾತ, 1836ರಲ್ಲಿ. ಸುರಂಗದ ಗೋಡೆಯ ಬಿಳಿಯ ಲೇಪವನ್ನು ಹುಳುಗಳು ತಿನ್ನುವುದನ್ನು ಕಂಡು, ಅದೇನೆಂದು ತಿಳಿಯದೆ, ಗ್ರೀಕ್ ದೇವತೆಗಳ ಆಹಾರದ ಹೆಸರನ್ನೇ ಅದಕ್ಕೆ ಇಟ್ಟ: ಆಂಬ್ರೋಸಿಯ. ಅದು ಬೂಷ್ಟೆಂದು 1844ರಲ್ಲಿ ಜರ್ಮನಿಯ ಹಾರ್ಟಿಗ್ ತೋರಿಸಿದ. ಪಂಡಿತನ ಚಾಪಲ್ಯ, ಕ್ಷಮಿಸಬೇಕು. ಗ್ರೀಕಿನ ಆಂಬ್ರೋಸಿಯ ಮತ್ತು ನಮ್ಮ ಅಮೃತ ಎರಡೂ ಒಂದೇ ಮೂಲದ ಮಾತುಗಳು, ಎರಡಕ್ಕೂ ಸಾವಿಲ್ಲದ್ದು ಎಂದೇ ಅರ್ಥ. ಹುಳುವಿಗೆ ಅಮೃತವಾದದ್ದು ಮರಕ್ಕೆ ಏನಾದೀತೆಂಬುದೇ ಮುಂದಿನ ಪ್ರಶ್ನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಸ್ಯರೋಗ ಶಾಸ್ತ್ರವನ್ನು ಓದಿದ್ದಾಳೆ. ಎಂಟನೆಯ ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಲು ಬೇಸರಪಡುತ್ತಿದ್ದ ಹುಡುಗಿ. ಅವಳನ್ನು ಬೇಡಿಕೊಂಡು ತೋಟಕ್ಕೆ ಕರೆದುಕೊಂಡು ಹೋದೆ. ಅವಳು ತೂತುಗಳ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ಸೊರಗತೊಡಗಿದ ಗಿಡವೊಂದರ ಬುಡ ಅಗೆಯಿಸಿ, ಬೇರು ಕಾಂಡ ಕೂಡುವ ಜಾಗದಲ್ಲಿ ಅಡ್ಡಲಾಗಿ ಕತ್ತರಿಸಿದಳು. ಬೆಳ್ಳಗಿರಬೇಕಾದ ಮರದಲ್ಲಿ ನಡುವಿನಿಂದ ಹೊರಕ್ಕೆ ಕಿರಣಗಳಂತೆ ಬೂದುಗಪ್ಪು ಕಲೆ ಹಬ್ಬಿತ್ತು. “ಮೇಷ್ಟ್ರೇ, ಹುಳ ಗಿಡಾನ ಸಾಯಿಸ್ತೋ, ಸಾಯ್ತಿರೋ ಗಿಡಕ್ಕೆ ಹುಳ ಬಂತೋ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನರಳುವ ಮರದ ಮೈಯಿಂದ ಮದ್ಯಸಾರದ ವಾಸನೆ ಹೊರಡುತ್ತದಂತೆ. ಈ ಜಾತಿಯ ಅನೇಕ ದುಂಬಿಗಳು ಆ ವಾಸನೆಯ ಜಾಡು ಹಿಡಿದೇ ಬರುತ್ತವಂತೆ. ಹಾಗಿದ್ದರೆ ತೂತು ರೋಗದ ಕಾರಣವಾಗಿರಬಹುದು, ಫಲವೂ ಆಗಿರಬಹುದು. ತೂತನ್ನು ಎಷ್ಟು ದಿಟ್ಟಿಸಿದರೂ ಇದು ತೀರ್ಮಾನವಾಗುವುದಿಲ್ಲ. ಮರದೊಳಗಿರುವ ಬೂಷ್ಟು ಯಾವುದು, ಹುಳುವಿನ ಚೀಲದಲ್ಲಿರುವ ಬೂಷ್ಟು ಯಾವುದು, ಇವೆರಡೂ ಒಂದೆಯೇ ಬೇರೆಯೇ ಎಂಬುದು ಗೊತ್ತಾಗಬೇಕು.

ಅದಕ್ಕೆ ಅವಳು ಮೊದಲು ತರಿಸಿದ್ದು ಯಂತ್ರವನ್ನಲ್ಲ, ಗಜ್ಜರಿಯನ್ನು. ಕ್ಯಾರೆಟ್ಟು! ತೊಳೆದ ಗಜ್ಜರಿಯ ಎರಡು ಬಿಲ್ಲೆಗಳ ನಡುವೆ ಕಲೆಬಿದ್ದ ಮರದ ಚೂರನ್ನಿಟ್ಟು, ತೇವ ಆರದಂತೆ ಮುಚ್ಚಿಟ್ಟರೆ, ಸೆರಟೋಸಿಸ್ಟಿಸ್ ಎಂಬ ಬೂಷ್ಟು ಅಲ್ಲಿದ್ದಲ್ಲಿ ಕೆಲವು ದಿನಗಳಲ್ಲಿ ಬಿಲ್ಲೆಯ ಮೇಲೆ ಎದ್ದು ಬರುತ್ತದೆ. ಕರಿಯ ಗಡಿಗೆಯಂಥ ಪುಟ್ಟ ಕಾಯಿ, ಅದಕ್ಕೆ ಕೂದಲಿನಂಥ ಉದ್ದನೆಯ ಕೊರಳು, ಕೊರಳ ತುದಿಯಲ್ಲಿ ಅಂಟುಅಂಟಾದ ಬೀಜಗಳ ಹನಿ. ಗಾಳಿಗೆ ಹಾರಿಹೋಗುವ ಬೀಜವಲ್ಲ ಅದು. ಯಾವುದಾದರೂ ಹುಳುವಿನ ಮೈಗೆ ಹತ್ತಿಕೊಳ್ಳಲೆಂದೇ ಇರುವಂಥದು. ವಾಸನೆಯೂ ಉಂಟು, ಕಳಿತ ಬಾಳೆಯ ಹಣ್ಣಿನಂತೆ. ಆರು ದಿನ ಕಳೆದ ಮೇಲೆ ಅವಳು ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಬಳಿ ಹಿಡಿದಾಗ ಬಾಳೆಮಂಡಿಯಲ್ಲಿ ನಿಂತಂತಾಯಿತು.

ಇಷ್ಟಾದ ಮೇಲೆ ಇನ್ನೇನು ಬೇಕು ಎಂದೆ. ಅವಳು ಒಪ್ಪಲಿಲ್ಲ. ಬೂಷ್ಟುಗಳಲ್ಲಿ ಅಣ್ಣ ತಮ್ಮಂದಿರಂತೆ ಕಾಣುವವು ಬಹಳ. ಹುಳುವಿನ ಸುರಂಗದಲ್ಲಿ ಸಿಕ್ಕುವ ಬೂಷ್ಟುಗಳಂತೂ ಸೂಕ್ಷ್ಮದರ್ಶಕದ ಅಡಿಯಲ್ಲಿಯೂ ಮೋಸ ಮಾಡುತ್ತವೆ. ಅದರ ಒಂದು ಕಥೆಯನ್ನು ಹೇಳಿದಳು. ಸಿಂಹಳದ ಚಹಾ ಗಿಡಗಳನ್ನು ಕೊರೆಯುವ ದುಂಬಿಗೆ 1868ರಲ್ಲಿಯೇ ಹೆಸರಾಗಿತ್ತು, ಫಾರ್ನಿಕೇಟಸ್ ಎಂದು. ನಮ್ಮ ದಾಳಿಂಬೆಯನ್ನು ಕೊರೆಯುವ ಹುಳುವನ್ನೂ ಇದೇ ಹೆಸರಿನಿಂದ ಕರೆಯುತ್ತ ಬಂದಿದ್ದಾರೆ. ಆ ಚಹಾ ದುಂಬಿಯ ಬೂಷ್ಟನ್ನು 1947ರಲ್ಲಿ ಗ್ಯಾಡ್ ಮತ್ತು ಲೂಸ್ ಎಂಬವರು ವರ್ಣಿಸಿ, ಮಣ್ಣಿನ ಜಂತುಗಳನ್ನು ಬಲೆಹಾಕಿ ಹಿಡಿಯುವ ಬೂಷ್ಟುಗಳ ಗುಂಪಿಗೆ ಸೇರಿಸಿದರು. ಅದು ಆ ಗುಂಪಿನದೇ ಅಲ್ಲ, ಫ್ಯುಸೇರಿಯಂ ಎಂಬ ಬೇರೊಂದು ಕುಲದ್ದು ಎಂದು ಸರಿಯಾದ ಮನೆಗೆ ಸೇರಿಸಿದವರು ನಮ್ಮ ದೇಶದ ಅಗ್ನಿಹೋತ್ರುಡು ಮತ್ತು ಜರ್ಮನಿಯ ನೀರೆನ್‌ಬರ್ಗ್, 1990ರಲ್ಲಿ. ನಲವತ್ತಮೂರು ವರ್ಷ ಅದು ಪರರ ಮನೆಯಲ್ಲಿತ್ತು. ಹುಳುವಿನ ಕಥೆಯೂ ಹಾಗೆಯೇ. ಇಸ್ರೇಲಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬೆಣ್ಣೆಹಣ್ಣಿನ ಮರಗಳನ್ನು ಒಣಗಿಸಿದ ದುಂಬಿಯೂ ಇದೇ ಎಂದು ಮೊದಲು ತಿಳಿದಿದ್ದರು. ಅದರ ಬೂಷ್ಟು ಬೇರೆಯೆಂದು 2013ರಲ್ಲಿ ಹೊಸ ಹೆಸರು ಕೊಟ್ಟರು. ಆಮೇಲೆ ದುಂಬಿಗಳನ್ನು ಪರೀಕ್ಷಿಸಿದರೆ, ಫಾರ್ನಿಕೇಟಸ್ ಎಂಬ ಒಂದೇ ಹೆಸರಿನ ಕೆಳಗೆ ಹಲವು ಜಾತಿಗಳು ಅಡಗಿ ಕುಳಿತಿದ್ದವು. ಕಣ್ಣಿಗೆ ಅವೆಲ್ಲ ಒಂದೇ. ಬಿಡಿಸಿ ತೋರಿಸಿದ್ದು ಅವುಗಳ ವಂಶವಾಹಿ, ಎಂದರೆ ಡಿ.ಎನ್.ಎ.

ಈ ಡಿ.ಎನ್.ಎ. ಓದುವ ಕ್ರಮವನ್ನು ಅವಳು ವಿವರಿಸುತ್ತ ಹೋದಂತೆ ನನಗೆ ನಗು ಬಂತು. ಇದು ನಮ್ಮ ಕಸುಬೇ! ಒಂದು ಕಾವ್ಯದ ಹತ್ತು ಓಲೆಪ್ರತಿಗಳು ಸಿಕ್ಕಿದಾಗ ಯಾವುದು ಯಾವುದರಿಂದ ಇಳಿದದ್ದೆಂದು ತಿಳಿಯುವುದು ಹೇಗೆ? ಸರಿಯಾದ ಅಕ್ಷರಗಳಿಂದಲ್ಲ; ತಪ್ಪುಗಳಿಂದ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಸ್ಖಾಲಿತ್ಯವಿದ್ದರೆ ಅವು ಒಂದೇ ತಾಯಿಪ್ರತಿಯ ಮಕ್ಕಳೆಂದು ಊಹಿಸುತ್ತೇವೆ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ 1964ರಲ್ಲಿ ಬಂದಿತು. ಪಂಡಿತ ಪರೀಕ್ಷೆಗೆ ಓದುವಾಗ ಅದನ್ನು ಹಿಡಿದುಕೊಂಡು ನಾವು ರಾತ್ರಿಗಳನ್ನು ಕಳೆದಿದ್ದೇವೆ. ಜೀವಿಗಳ ಗ್ರಂಥಕ್ಕೆ ಅಕ್ಷರಗಳು ನಾಲ್ಕೇ. ತಲೆಮಾರಿನಿಂದ ತಲೆಮಾರಿಗೆ ಅದರ ನಕಲು ನಡೆಯುತ್ತದೆ. ಅಪರೂಪಕ್ಕೊಮ್ಮೆ ಲಿಪಿಕಾರನ ಕೈತಪ್ಪು ಆಗುತ್ತದೆ. ಆ ತಪ್ಪು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತದೆ.

ಸೆರಟೋಸಿಸ್ಟಿಸ್ಸಿನ ಗ್ರಂಥ ಸುಮಾರು ಮೂರು ಕೋಟಿ ಅಕ್ಷರಗಳದು. ಅಷ್ಟನ್ನೂ ಓದುವುದು ಬೇಡ, ಒಂದು ಗೊತ್ತಾದ ಜಾಗವನ್ನು ಮಾತ್ರ ಓದಿದರೆ ಸಾಕು. ಪ್ರತಿಯೊಂದು ಬೂಷ್ಟಿಗೂ ಬಾಳಲು ಬೇಕೇಬೇಕಾದ ಕೆಲವು ಭಾಗಗಳುಂಟು. ಅಲ್ಲಿ ತಪ್ಪಾದರೆ ಜೀವವೇ ಉಳಿಯದು, ಆದ್ದರಿಂದ ಆ ಭಾಗಗಳು ಎಲ್ಲದರಲ್ಲಿಯೂ ಹೆಚ್ಚುಕಡಮೆ ಒಂದೇ ಪಾಠವಾಗಿರುತ್ತವೆ. ಅಂಥ ಎರಡು ಭಾಗಗಳ ನಡುವೆ ಒಂದು ತುಂಬುಮಾತಿನ ಜಾಗವಿದೆ. ಅಲ್ಲಿ ತಪ್ಪಾದರೂ ಅಷ್ಟು ಅಪಾಯವಿಲ್ಲವಾದುದರಿಂದ ತಪ್ಪುಗಳು ಕೂಡಿಕೊಳ್ಳುತ್ತ ಹೋಗಿ ಜಾತಿಜಾತಿಗೂ ವ್ಯತ್ಯಾಸ ಕಾಣುತ್ತದೆ. ಇದಕ್ಕೆ ಐ.ಟಿ.ಎಸ್. ಎಂದು ಹೆಸರು, ಉದ್ದ ಐನೂರು ಆರುನೂರು ಅಕ್ಷರ. ಎರಡು ಪಕ್ಕದ ಸ್ಥಿರ ಪಾಠಗಳನ್ನು ಗುರುತು ಕಲ್ಲುಗಳನ್ನಾಗಿ ಹಿಡಿದು ನಡುವಿನ ಭಾಗವನ್ನು ಮಾತ್ರ ನಕಲು ಮಾಡುವ ಉಪಾಯವನ್ನು 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಹೊರತಂದರು. 2012ರಲ್ಲಿ ಇದನ್ನೇ ಎಲ್ಲ ಶಿಲೀಂಧ್ರಗಳ ಗುರುತಿನ ಚೀಟಿಯೆಂದು ಸೂಚಿಸಿದರು. ನಕಲು ಮಾಡುವ ಯಂತ್ರದ ಕೆಲಸವೂ ಸ್ವಾರಸ್ಯವಾದುದು: ಒಂದು ಎರಡಾಗಿ, ಎರಡು ನಾಲ್ಕಾಗಿ, ಚದುರಂಗದ ಮನೆಗಳಲ್ಲಿ ಕಾಳಿಟ್ಟ ಕಥೆಯಂತೆ, ಮೂವತ್ತು ಸುತ್ತಿಗೆ ಒಂದೇ ಪ್ರತಿ ನೂರು ಕೋಟಿ ಮೀರುತ್ತದೆ. ಈ ಕ್ರಮವನ್ನು ಕಂಡುಹಿಡಿದ ಕೇರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಹುಮಾನ ಬಂದಿತು. ಹೀಗೆ ಓದಿದ ಪಾಠವನ್ನು, ಲೋಕದ ವಿಜ್ಞಾನಿಗಳೆಲ್ಲ ತಮ್ಮ ತಮ್ಮ ಪಾಠಗಳನ್ನು ಒಪ್ಪಿಸಿರುವ ಸಾರ್ವಜನಿಕ ಭಂಡಾರದೊಡನೆ ಹೋಲಿಸಿ ನೋಡುತ್ತಾರೆ.

ಆದರೆ ಭಂಡಾರದಲ್ಲಿ ಯಾರೋ ತಪ್ಪು ಹೆಸರಿನ ಚೀಟಿ ಅಂಟಿಸಿದ್ದರೆ ನಮ್ಮ ಹೋಲಿಕೆಯೂ ತಪ್ಪುತ್ತದೆ. ಹಸ್ತಪ್ರತಿ ಭಂಡಾರಗಳಲ್ಲಿ ಕೆಲಸ ಮಾಡಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ತೊಡಕು: ಸೆರಟೋಸಿಸ್ಟಿಸ್ಸಿನಲ್ಲಿ ಈ ತುಂಬುಮಾತು ಒಂದೇ ಬೂಷ್ಟಿನೊಳಗೆ ಎರಡು ಬಗೆಯಾಗಿರುವುದೂ ಉಂಟು, ಒಂದೇ ಪ್ರತಿಯಲ್ಲಿ ಎರಡು ಪಾಠಾಂತರಗಳಿದ್ದಂತೆ. ಫ್ಯುಸೇರಿಯಂ ಕುಲದಲ್ಲಿಯೂ ಐ.ಟಿ.ಎಸ್. ಒಂದರಿಂದಲೇ ಅಣ್ಣ ತಮ್ಮಂದಿರನ್ನು ಬಿಡಿಸುವುದು ಕಷ್ಟ. ಹೀಗಾಗಿ ಬಲ್ಲವರು ಇನ್ನೂ ಒಂದೆರಡು ಜಾಗಗಳನ್ನು ಓದಿ, ಸಾಕ್ಷಿಗಳೆಲ್ಲ ಕೂಡಿದ ಮೇಲೆಯೇ ಹೆಸರು ಹೇಳುತ್ತಾರೆ. ಓಮಾನ್, ಪಾಕಿಸ್ತಾನಗಳಲ್ಲಿ ತೊಗಟೆ ದುಂಬಿಯ ಜೊತೆ ಸೇರಿ ಮಾವಿನ ಮರಗಳನ್ನು ಕೊಂದ ಸೆರಟೋಸಿಸ್ಟಿಸ್ಸಿಗೆ 2007ರಲ್ಲಿ ಹೊಸ ಜಾತಿಯೆಂದು ಹೆಸರಿಟ್ಟರು. ಅದು ಹಳೆಯದೇ ಎಂದು ಬೇರೆಯವರು ವಾದಿಸಿದರು. ಕವಿಯ ಕಾಲದೇಶಗಳ ಬಗ್ಗೆ ನಮ್ಮಲ್ಲಿ ನಡೆಯುವ ವಾದಗಳಿಗಿಂತ ಇದೇನೂ ಕಡಮೆಯಲ್ಲ.

ನಮ್ಮ ನಾಡಿನ ದಾಳಿಂಬೆಯ ವಿಷಯವನ್ನೇ ನೋಡಿ. ಸೊರಗು 1990ರಲ್ಲಿ ಆಗಿನ ಬಿಜಾಪುರ ಜಿಲ್ಲೆಯಲ್ಲಿ ಕಣ್ಣಿಗೆ ಬಿದ್ದಿತು. ಅದಕ್ಕೆ ಕಾರಣ ಸೆರಟೋಸಿಸ್ಟಿಸ್ ಫಿಂಬ್ರಿಯೇಟವೆಂದು ಸೋಮಶೇಖರ ಅವರ ವರದಿ ಪ್ರಕಟವಾದದ್ದು 1999ರಲ್ಲಿ. ಇದೇ ಬೂಷ್ಟನ್ನು 1890ರಷ್ಟು ಹಿಂದೆಯೇ ಅಮೆರಿಕದಲ್ಲಿ ಸಿಹಿಗೆಣಸಿನ ಮೇಲೆ ಕಂಡು ಹೆಸರಿಟ್ಟಿದ್ದರು. ಹೆಸರಾದ ಬೂಷ್ಟೇ, ಆದರೂ ನಮ್ಮ ತೋಟದಲ್ಲಿರುವುದು ಅದೇ ಎಂದು ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಒಣಗಿದ ಗಿಡಗಳ ಲೆಕ್ಕ ಇಟ್ಟವರಾರು?

ಹೊಳಲ್ಕೆರೆಯ ಕಡೆಯ ಅಡಿಕೆಯವರು ಇದು ದಾಳಿಂಬೆಯವರ ತಲೆನೋವೆಂದು ಸುಮ್ಮನಿರುವಂತಿಲ್ಲ. ಅಡಿಕೆಯ ತೋಟದ ನಡುವೆ ಬೆಳೆಯುವ ಕೋಕೋ ಕಾಯಿಗಳನ್ನು ಇಂಥದೇ ಇನ್ನೊಂದು ದುಂಬಿ ಕೊರೆಯುತ್ತಿರುವುದನ್ನೂ, ಅದರ ಚೀಲದಲ್ಲಿ ಆಂಬ್ರೋಸಿಯೆಲ್ಲ ಎಂಬ ಬೂಷ್ಟು ಇರುವುದನ್ನೂ ದಕ್ಷಿಣ ಕನ್ನಡದ ವಿಟ್ಲದಲ್ಲಿರುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ನನಗೆ ಬೆರಗಾದ ಸಂಗತಿ ಇದು: ಡಿ.ಎನ್.ಎ. ಓದಿದರೆ, ಹುಳುವಿಗೆ ಅನ್ನವಾದ ಈ ಆಂಬ್ರೋಸಿಯೆಲ್ಲವೂ ದಾಳಿಂಬೆಗೆ ಯಮನಾದ ಸೆರಟೋಸಿಸ್ಟಿಸ್ಸೂ ಒಂದೇ ಮನೆತನದವು. ಒಂದು ಪಳಗಿ ಕೊಟ್ಟಿಗೆ ಸೇರಿತು, ಇನ್ನೊಂದು ಕಾಡಿನಲ್ಲಿ ಉಳಿಯಿತು ಎನ್ನೋಣ.

ಇನ್ನು ನಮ್ಮ ತೋಟಕ್ಕೆ ಬರೋಣ. ಮೂರು ಗಿಡಗಳ ಬುಡದ ಮರ, ಎರಡು ಕೊಂಬೆಗಳ ತೂತಿನ ಸುತ್ತಲಿನ ಮರ, ಒಂದಿಷ್ಟು ಹುಳುಗಳು, ಇವು ಹೋದವು. ಮೂರು ವಾರದ ಮೇಲೆ ಉತ್ತರ ಬಂತು. ಬುಡದ ಮರದಲ್ಲೆಲ್ಲ ಸೆರಟೋಸಿಸ್ಟಿಸ್ ಫಿಂಬ್ರಿಯೇಟ. ಹುಳುಗಳಲ್ಲಿಯೂ ತೂತುಗಳಲ್ಲಿಯೂ ಫ್ಯುಸೇರಿಯಂ, ಚಹಾ ದುಂಬಿಯ ಬೂಷ್ಟಿನ ದಾಯಾದಿ. ಅಲ್ಲಿ ಸೆರಟೋಸಿಸ್ಟಿಸ್ ಇರಲಿಲ್ಲ. ಎಂದರೆ ಈ ತೋಟದಲ್ಲಿ ರೋಗ ಹತ್ತಿದ್ದು ಬೇರಿನಿಂದ. ಹುಳು ಆಮೇಲೆ ಬಂದ ನೆಂಟ. ಭಾಮೈದ ಕಾಗದವನ್ನು ಎರಡು ಸಲ ಓದಿದ. “ಹಂಗಾರೆ ಮೂರು ಸಲ ಹೊಡೆದಿದ್ದು?” ಎಂದು ಕೇಳಿದ. ನಾನು ಮಾತಾಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ, ದೊಡ್ಡವನೆಂಬ ಮರ್ಯಾದೆ.

“ಇದು ಈ ಮೂರು ಗಿಡದ ಮಾತು, ಮೇಷ್ಟ್ರೇ. ಎಲ್ಲಾ ತೋಟಕ್ಕೂ ಹೇಳ್ಬೇಡಿ” ಎಂದು ಆ ಹುಡುಗಿ ಎಚ್ಚರಿಸಿದ್ದಾಳೆ. ಹವಾಯಿ ದ್ವೀಪದ ಓಹಿಯ ಮರಗಳನ್ನು ಕೊಲ್ಲುತ್ತಿರುವುದೂ ಸೆರಟೋಸಿಸ್ಟಿಸ್ಸೇ. ಅಲ್ಲಿ ದುಂಬಿ ಕೊರೆದು ಹೊರಹಾಕಿದ ಹಿಟ್ಟಿನಲ್ಲಿಯೇ ಅದರ ಬೀಜ ಬದುಕಿದ್ದು ಗಾಳಿಗೆ ಹರಡುತ್ತದೆ. ಇನ್ನೊಬ್ಬರ ದಾಳಿಂಬೆ ತೋಟದಲ್ಲಿ ಹುಳುವೂ ಬೂಷ್ಟೂ ಕೂಡಿಯೇ ಕೆಲಸ ಮಾಡುತ್ತಿರಬಹುದು. ಬೇರಿಗೆ ಗಂಟುಕಟ್ಟುವ ಜಂತುಹುಳು ಗಾಯ ಮಾಡಿ ಬೂಷ್ಟಿಗೆ ಬಾಗಿಲು ತೆರೆದಿರಬಹುದು. ನೀರು ನಿಂತೇ ಗಿಡ ಸೊರಗಿರಬಹುದು. ಒಂದಕ್ಕೆ ಮಾಡಿದ ಮದ್ದು ಮತ್ತೊಂದಕ್ಕೆ ನಾಟುವುದಿಲ್ಲ.

ಭಾಮೈದ ಹುಳುವಿನ ಔಷಧಿ ನಿಲ್ಲಿಸಿದ. ಸೊರಗಿದ ಗಿಡಗಳನ್ನು ಬೇರುಸಹಿತ ಕಿತ್ತು, ಸಾಲುಗಳ ನಡುವೆ ಎಳೆದಾಡದೆ, ಅಲ್ಲಲ್ಲಿಯೇ ಸುಡಿಸಿದ. ಪಕ್ಕದ ಗಿಡಗಳ ಬುಡಕ್ಕೆ ಬೂಷ್ಟಿನ ಮದ್ದನ್ನು, ಅವಳು ಹೇಳಿದ ಅಳತೆಯಲ್ಲಿ, ಹುಯ್ಯಿಸಿದ. ಸವರುವ ಕತ್ತರಿಯನ್ನು ಒಂದು ಗಿಡದಿಂದ ಮತ್ತೊಂದಕ್ಕೆ ಒಯ್ಯುವ ಮೊದಲು ಔಷಧಿಯ ನೀರಿನಲ್ಲಿ ಅದ್ದಬೇಕೆಂದು ಆಳುಗಳಿಗೆ ಕಟ್ಟುಮಾಡಿದ. ಅವರು ಮೊದಲು ನಕ್ಕರು. ಕಸಿಗಿಡಗಳನ್ನು ಎಲ್ಲಿಂದ ತಂದಿದ್ದೆ ಎಂದು ಆ ಹುಡುಗಿ ಕೇಳಿದಾಗ ಮಾತ್ರ ಅವನ ಮುಖ ಸಣ್ಣದಾಯಿತು. ಅಗ್ಗಕ್ಕೆ ಸಿಕ್ಕಿದವು ಎಂದು ತಂದಿದ್ದನಂತೆ. ರೋಗದ ತಾಯಿಗಿಡದಿಂದ ಕಟ್ಟಿದ ಗೂಟಿಯಲ್ಲಿಯೇ ಬೂಷ್ಟು ಬಂದಿರುವುದು ಸಾಧ್ಯ. ನಾಲ್ಕು ವರ್ಷದ ಮೇಲೆ ಅದನ್ನು ಯಾರು ಸಾಧಿಸಿ ತೋರಿಸುತ್ತಾರೆ?

ಐನೂರ ಅರುವತ್ತರಷ್ಟು ಗಿಡ ಉಳಿದಿವೆ. ಕಿತ್ತ ಗುಣಿಗಳಲ್ಲಿ ಸದ್ಯಕ್ಕೆ ಏನನ್ನೂ ಇಟ್ಟಿಲ್ಲ. ಈ ಭಾಷಣವನ್ನು ಬರೆದು ಮುಗಿಸುವ ಹೊತ್ತಿಗೆ ಮತ್ತೆ ಫೋನು ಬಂತು. ಬೇಲಿಯ ಕಡೆಯ ಸಾಲಿನಲ್ಲಿ ಒಂದು ಗಿಡದ ಒಂದೇ ಕೊಂಬೆ ಹಳದಿಯಾಗಿದೆಯಂತೆ. “ಭಾವ, ಬರೋವಾಗ ದುರ್ಗದ ಸಂತೇಲಿ ಗಜ್ಜರಿ ತಗಂಡು ಬಾ. ಎಳೇದು ಬ್ಯಾಡ, ದಪ್ಪನಾದ್ದು ನೋಡಿ ತಾ.”